ತಿಮಿಂಗಿಲದ ತಲೆ ಯಾರ ಪಾಲಿಗೆ?

ದಡಕ್ಕೆ ಒಂದು ತಿಮಿಂಗಿಲ ಎಳೆದು ತಂದಿದ್ದಾರೆ ಅಂದುಕೊಳ್ಳಿ. ಹದಿನೈದು ಮೀಟರ್ ಉದ್ದದ ಗಂಡು. ಹಿಡಿದವರು ದೋಣಿಯವರು, ಜೀವ ಒತ್ತೆ ಇಟ್ಟವರೂ ಅವರೇ. ಆದರೆ ಅದರ ತಲೆಯ ಪಾಲು ಅವರದಲ್ಲ. ಈ ಜಾತಿಯ ತಿಮಿಂಗಿಲದಲ್ಲಿ ತಲೆ ಎಂದರೆ ಮೈ ಉದ್ದದ ಮೂರನೇ ಒಂದು ಭಾಗ, ಸಣ್ಣ ಮಾತಲ್ಲ. ಅಷ್ಟು ದೊಡ್ಡ ಪಾಲು ಊರಿನ ಎರಡು ಮನೆತನಗಳಿಗೆ ಹೋಗುತ್ತದೆ. ಆ ದಿನ ಅವರು ಕಡಲಿಗೆ ಇಳಿದಿದ್ದರೋ ಇಲ್ಲವೋ ಎಂಬುದನ್ನು ಯಾರೂ ಕೇಳುವುದಿಲ್ಲ. ಯಾಕೆ ಹೀಗೆ ಎಂಬುದು ಅರ್ಥವಾದರೆ ಆ ಊರು ಮುಕ್ಕಾಲುಪಾಲು ಅರ್ಥವಾದಂತೆ. ಹಾಗಾಗಿ ಇವತ್ತಿನ ಮಾತನ್ನು ತಲೆಯಿಂದಲೇ ಶುರು ಮಾಡೋಣ.

ಊರಿನ ಹೆಸರು ಲಾಮಲೆರಾ. ಇಂಡೊನೇಷ್ಯಾದ ಪೂರ್ವ ನುಸಾ ತೆಂಗಾರಾ ಪ್ರಾಂತ್ಯದ ಲೆಂಬಾಟಾ ದ್ವೀಪದ ದಕ್ಷಿಣ ದಡದಲ್ಲಿದೆ. ನಕ್ಷೆಯಲ್ಲಿ ಬಾಲಿಯಿಂದ ಪೂರ್ವಕ್ಕೆ ಬೆರಳು ಸರಿಸುತ್ತ ಹೋಗಿ: ಲೊಂಬೊಕ್, ಸುಂಬಾವಾ, ಆಮೇಲೆ ಉದ್ದಕ್ಕೆ ಫ್ಲೋರೆಸ್. ಫ್ಲೋರೆಸ್ ಮುಗಿದ ಮೇಲೆ ಅಡೊನಾರಾ, ಸೊಲೊರ್, ಅವುಗಳ ಪಕ್ಕದಲ್ಲಿ ಲೆಂಬಾಟಾ. 1999ರಲ್ಲಿ ಲೆಂಬಾಟಾ ಪೂರ್ವ ಫ್ಲೋರೆಸ್ ಜಿಲ್ಲೆಯಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರ ಲೆವೊಲೆಬಾ ದ್ವೀಪದ ಉತ್ತರ ಬದಿಯಲ್ಲಿದೆ. ಲಾಮಲೆರಾ ತದ್ವಿರುದ್ಧ ದಿಕ್ಕಿನಲ್ಲಿ ಸಾವು ಸಮುದ್ರಕ್ಕೆ ಮುಖ ಮಾಡಿದೆ. ಸಾವು ಎಂಬುದು ಅಲ್ಲೊಂದು ದ್ವೀಪದ ಹೆಸರು. ಕನ್ನಡದ ಕಿವಿಗೆ ಬೇರೆಯೇ ಕೇಳಿಸುತ್ತದೆ, ಏನು ಮಾಡುವುದು.

ಬೆನ್ನಿಗೆ ಲಾಬಲೆಕಾಂಗ್ ಎಂಬ ಬೆಟ್ಟ, ಕಾಲಡಿಗೆ ಕಪ್ಪು ಬಂಡೆ, ಮುಂದೆ ಒಂದು ಚಿಕ್ಕ ಮರಳ ಕೊಲ್ಲಿ. ಆಡಳಿತದ ಲೆಕ್ಕದಲ್ಲಿ ಇದು ಎರಡು ಗ್ರಾಮ, ಲಾಮಲೆರಾ ಎ ಮತ್ತು ಬಿ. ಎರಡೂ ಸೇರಿ ಸುಮಾರು ಎರಡು ಸಾವಿರ ಜನ. ಗ್ರಾಮಕ್ಕೆ ಅವರು ಹೇಳುವ ಮಾತು 'ದೇಸಾ'. ನಮ್ಮ ದೇಶವೇ ಅಲ್ಲಿ ಊರಾಗಿದೆ. ಗಂಡ 'ಸುವಾಮಿ', ಹೆಂಡತಿ 'ಇಸ್ತ್ರಿ', ಬೀಸುಬಲೆ 'ಜಾಲಾ', ಹಡಗು 'ಕಪಾಲ್', ಸ್ವತ್ತು 'ಹಾರ್ತಾ', ಅಂದರೆ ಸಂಸ್ಕೃತದ ಅರ್ಥ. ಕಾನೂನಿಗೆ 'ಹುಕುಂ' ಎನ್ನುತ್ತಾರೆ. ಬಗರ್ ಹುಕುಂ ಅರ್ಜಿ ಹಾಕಿ ತಾಲ್ಲೂಕು ಕಚೇರಿಗೆ ಅಲೆದವರು ಇಲ್ಲಿ ಯಾರಾದರೂ ಇದ್ದರೆ, ಮುಂದೆ ಹೇಳುವ ಜಮೀನಿನ ವಿಷಯ ಅವರಿಗೆ ಬೇಗ ಹತ್ತುತ್ತದೆ.

ಈ ಊರಿನ ದೊಡ್ಡ ಮನೆತನಗಳು ಅಲ್ಲಿನ ಮೂಲದವರಲ್ಲ. ಅವರ ಪರಂಪರೆಯ ಕಥನದ ಪ್ರಕಾರ ಪೂರ್ವಿಕರು ಸುಲಾವೆಸಿ ಕಡೆಯಿಂದ ಹೊರಟು, ಲಾಪಾನ್ ಬಾತಾನ್ ಎಂಬ ದ್ವೀಪದಲ್ಲಿ ನೆಲೆಸಿ, ಅದು ಹಾಳಾದ ಮೇಲೆ ದೋಣಿ ಹತ್ತಿ ಇಲ್ಲಿಗೆ ಬಂದರು. ಬಂದಾಗ ಇಲ್ಲಿ ನೆಲದ ಒಡೆಯರು ಇದ್ದರು. ತುಫಾಓನಾ, ಲಾಂಗೊವುಜೊ ಎಂಬ ಮನೆತನಗಳು. ಬಂದವರಿಗೆ ಇವರು ಬಿಟ್ಟುಕೊಟ್ಟದ್ದು ಹೊಲವಲ್ಲ, ಮನೆ ಕಟ್ಟಿ ದೋಣಿ ಎಳೆದು ನಿಲ್ಲಿಸುವಷ್ಟು ಕಡಲತಡಿ. ಆ ಜಾಗದ ಋಣಕ್ಕೆ ತಿಮಿಂಗಿಲದ ತಲೆ ಸಲ್ಲುತ್ತದೆ. ಗೇಣಿ ಎನ್ನಿ, ಕಾಣಿಕೆ ಎನ್ನಿ. ಪಟ್ಟಿ ಬರೆದಿಟ್ಟವರಿಲ್ಲ, ರಸೀದಿ ಇಲ್ಲ, ಆದರೂ ತಲೆಮಾರುಗಳಿಂದ ಬಾಕಿ ಉಳಿಯದ ಗೇಣಿ ಇದು. ಋತುವಿನ ಆರಂಭದಲ್ಲಿ ಬೆಟ್ಟದ ಮೇಲಿರುವ ತಿಮಿಂಗಿಲದಾಕಾರದ ಕಲ್ಲಿನ ಬಳಿ ಹೋಗಿ ತಿಮಿಂಗಿಲಗಳನ್ನು ಕರೆಯುವ ವಿಧಿ ನಡೆಸುವವರೂ ಈ ನೆಲದ ಒಡೆಯರೇ. ಅಂದರೆ ಹಿಡಿಯುವುದು ಕಡಲಿನವರ ಕೆಲಸ, ಬರಮಾಡಿಕೊಳ್ಳುವುದು ನೆಲದವರ ಹಕ್ಕು.

ಹೊಲವಿಲ್ಲದವರ ಊರು ಇದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಉಳಿದದ್ದೆಲ್ಲ ಅದರಿಂದ ಹುಟ್ಟುತ್ತದೆ.

ಈಗ ದೋಣಿಗೆ ಬರೋಣ. ಅದಕ್ಕೆ 'ತೆನಾ' ಎಂದು ಹೆಸರು. ಸುಮಾರು ಹತ್ತು ಮೀಟರ್ ಉದ್ದ. ಕಟ್ಟುವ ಕ್ರಮ ನಾವು ಸಾಮಾನ್ಯವಾಗಿ ಊಹಿಸುವುದಕ್ಕೆ ತಲೆಕೆಳಗು. ಮೊದಲು ಪಕ್ಕೆಲುಬು ನಿಲ್ಲಿಸಿ ಅದಕ್ಕೆ ಹಲಗೆ ಹೊಡೆಯುವುದಿಲ್ಲ. ಹಲಗೆಯ ಚಿಪ್ಪು ಮೊದಲು, ಪಕ್ಕೆಲುಬು ಆಮೇಲೆ. ಹಲಗೆಯನ್ನು ಬಗ್ಗಿಸುವುದೂ ಇಲ್ಲ, ಬೇಕಾದ ಬಾಗನ್ನು ಮರದಲ್ಲೇ ಕೆತ್ತುತ್ತಾರೆ. ಕೆತ್ತುವಾಗ ಒಳಮೈಯಲ್ಲಿ ಅಲ್ಲಲ್ಲಿ ಕಿವಿಯಂಥ ಉಬ್ಬುಗಳನ್ನು ಉಳಿಸಿಕೊಳ್ಳುತ್ತಾರೆ. ಹಲಗೆಯ ಅಂಚಿಗೆ ಅಂಚು ಕೂಡಿಸಿ ನಡುವೆ ಮರದ ಮೊಳೆ ಜಡಿಯುತ್ತಾರೆ. ಎಲ್ಲ ಹಲಗೆ ಕೂತ ಮೇಲೆ ಪಕ್ಕೆಲುಬನ್ನು ಒಳಗಿಟ್ಟು ಆ ಕಿವಿಗಳ ತೂತಿನಲ್ಲಿ ಹಗ್ಗ ತೂರಿಸಿ ಬಿಗಿಯುತ್ತಾರೆ. ಕಬ್ಬಿಣದ ಮೊಳೆ ಒಂದೂ ಇಲ್ಲ. ಅದಕ್ಕೆ ಕಾರಣ ಬರೀ ಸಂಪ್ರದಾಯವಲ್ಲ. ತಿಮಿಂಗಿಲದ ಬಾಲ ಬಡಿದಾಗ ಬಿಗಿಯಾದ ದೋಣಿ ಸೀಳುತ್ತದೆ. ಹಗ್ಗದಲ್ಲಿ ಕಟ್ಟಿದ ದೋಣಿ ಒಂದಿಷ್ಟು ಅಲುಗಿ ಏಟನ್ನು ನುಂಗಿಕೊಳ್ಳುತ್ತದೆ. ಒಡೆದರೂ ಒಡೆದ ಹಲಗೆಯನ್ನಷ್ಟೇ ಬಿಚ್ಚಿ ಬದಲಿಸಬಹುದು.

ಹಾಯಿ ಗೆಬಾಂಗ್ ಎಂಬ ತಾಳೆಯ ಗರಿಯದು. ನಮ್ಮ ಕರಾವಳಿಯವರು ತಾಡವಾಲೆಗೆ ಬಳಸುತ್ತಿದ್ದ ಶ್ರೀತಾಳೆಯ ದಾಯಾದಿ ಮರ ಅದು. ಗರಿಯನ್ನು ಸೀಳಿ, ಚಾಪೆಯಂತೆ ಹೆಣೆದು, ತುಂಡುಗಳನ್ನು ಜೋಡಿಸಿ ಆಯತಾಕಾರದ ಹಾಯಿ ಮಾಡುತ್ತಾರೆ. ಕೂವೆಮರಕ್ಕೆ ಒಂದು ಕಾಲಲ್ಲ, ಕವಲಿನ ಹಾಗೆ ಎರಡು ಕಾಲು. ಬೇಟೆ ಹತ್ತಿರ ಬಂದಾಗ ಅದನ್ನು ಗಡಿಬಿಡಿಯಲ್ಲಿ ಮಲಗಿಸಿ ಹುಟ್ಟು ಹಿಡಿಯಬೇಕಲ್ಲ, ಆಗ ಈ ರಚನೆ ಅನುಕೂಲ. ತೆನಾ ಬಳಕೆಯಲ್ಲಿ ಇಲ್ಲದಾಗ ಮರಳಿನ ಮೇಲಿರುವ 'ನಾಜೆ' ಎಂಬ ಹುಲ್ಲುಮಾಡಿನ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ. ಕಡಲತಡಿಯುದ್ದಕ್ಕೂ ಇಂಥ ಕೊಟ್ಟಿಗೆಗಳ ಸಾಲೇ ಆ ಊರಿನ ಮುಖ.

ಪ್ರತಿ ತೆನಾಕ್ಕೂ ಹೆಸರಿದೆ: ಕೆನಾ ಪುಕಾ, ದೆಮೊ ಸಾಪಾಂಗ್, ಪ್ರಾಸೊ ಸಾಪಾಂಗ್, ಹೀಗೆ. ಹಳೆಯದು ಕೊಳೆತು ಹೋದರೆ ಅದೇ ಹೆಸರಿನಲ್ಲಿ ಹೊಸದು ಕಟ್ಟುತ್ತಾರೆ. ಮರ ಬದಲಾಯಿತು, ದೋಣಿ ಬದಲಾಗಲಿಲ್ಲ. ಕಾರಣ, ಆ ಹೆಸರಿನ ಜೊತೆ ಹಕ್ಕುಗಳ ಒಂದು ಕಟ್ಟೇ ಅಂಟಿಕೊಂಡಿದೆ. ದೋಣಿ ಮುಳುಗಿದರೂ ಹಕ್ಕು ಮುಳುಗುವುದಿಲ್ಲ.

ಆ ಹಕ್ಕುಗಳು ಯಾರವು? ಒಬ್ಬ ಮಾಲೀಕ ಇಲ್ಲ. ಒಂದು ಮನೆತನದ, ಅಥವಾ ಮನೆತನದ ಒಂದು ಕವಲಿನ ಹಲವು ಮನೆಗಳು ಸೇರಿ ಒಂದು ತೆನಾದ ಪಾಲುದಾರರು. ಮರ ತರುವುದು, ಕಟ್ಟುವಾಗ ಕೆಲಸಗಾರರಿಗೆ ಊಟ ಹಾಕುವುದು, ಪ್ರತಿ ವರ್ಷ ದುರಸ್ತಿ, ಇವೆಲ್ಲ ಪಾಲುದಾರರ ಹೊಣೆ. ಬದಲಿಗೆ ಆ ದೋಣಿ ತಂದ ಪ್ರತಿ ಬೇಟೆಯಲ್ಲೂ ಅವರಿಗೆ ಗೊತ್ತಾದ ಭಾಗ ಸಿಗುತ್ತದೆ. ಎರಡನೆಯವರು ಆ ದಿನ ದೋಣಿ ಏರಿದವರು. ಪಾಲುದಾರರಾಗಿರಲಿ, ಹೊರಗಿನವರಾಗಿರಲಿ, ಹತ್ತಿದ್ದಕ್ಕೆ ಹತ್ತಿದವರ ಪಾಲು. ಮೂರನೆಯವರು ಕಸುಬಿನವರು: ದೋಣಿ ಕಟ್ಟಿದ ಬಡಗಿ, ಭರ್ಜಿ ಬಡಿದ ಕಮ್ಮಾರ, ಹಾಯಿ ಹೆಣೆದವರು. ಬಡಗಿ, ಕಮ್ಮಾರರಿಗೆ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದ ನಮ್ಮ ಆಯಗಾರಿಕೆ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣದಲ್ಲಿ ರಾಗಿ ಅಳೆಯುವ ಬದಲು ಅಲ್ಲಿ ಮರಳಿನ ಮೇಲೆ ಮಾಂಸ ಅಳೆಯುತ್ತಾರೆ, ಅಷ್ಟೇ.

ದೋಣಿಯ ಒಳಗೂ ಯಾರ ಜಾಗ ಎಲ್ಲಿ ಎಂಬುದು ಖಚಿತ. ಎಂಟರಿಂದ ಹದಿನಾಲ್ಕು ಜನ ಬೇಕು. ಅಣಿಯದ, ಅಂದರೆ ದೋಣಿಯ ಮೂತಿಯ, ಮುಂದೆ ಬಿದಿರಿನ ಅಟ್ಟಣೆಯೊಂದು ಚಾಚಿಕೊಂಡಿರುತ್ತದೆ, ಅದರ ತುದಿಯಲ್ಲಿ ನಿಲ್ಲುವವನು ಲಾಮಾಫಾ, ಭರ್ಜಿಗಾರ. ಅವನ ಹಿಂದೆ ಹಗ್ಗ, ಭರ್ಜಿ ಒದಗಿಸುವ ಸಹಾಯಕ. ನಡುವೆ ಹುಟ್ಟು ಹಾಕುವ ಮತ್ರೋಸ್‌ಗಳು. ಹಿಂಬದಿಯಲ್ಲಿ ಚುಕ್ಕಾಣಿಯ ಲಾಮಾ ಉರಿ. ಲಾಮಾಫಾ ಭರ್ಜಿಯನ್ನು ಎಸೆಯುವುದಿಲ್ಲ. ಹಲವು ಮೀಟರ್ ಉದ್ದದ ಬಿದಿರ ಗಳದ ತುದಿಗೆ ಕಬ್ಬಿಣದ ಕೊಕ್ಕೆಯ ಮೊನೆ ಸಿಕ್ಕಿಸಿರುತ್ತದೆ. ಗಳ ಹಿಡಿದು ಅವನೇ ಅಟ್ಟಣೆಯಿಂದ ಹಾರಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ತಿಮಿಂಗಿಲದ ಮೈಗೆ ಇಳಿಸುತ್ತಾನೆ. ಕೈಬಲವೊಂದಕ್ಕೆ ಆ ಕೊಬ್ಬಿನ ಪದರ ದಾಟುವುದಿಲ್ಲ. ಮೊನೆ ಒಳಗೆ ಉಳಿಯುತ್ತದೆ, ಗಳ ಕಳಚಿಕೊಳ್ಳುತ್ತದೆ, ಮೊನೆಗೆ ಕಟ್ಟಿದ ಹಗ್ಗ ದೋಣಿಯಿಂದ ಹರಿಯತೊಡಗುತ್ತದೆ. ಲಾಮಾಫಾ ಈಜಿ ವಾಪಸು ದೋಣಿ ಸೇರಬೇಕು.

ಕೆಡುಕು ಆಗುವುದು ಹೆಚ್ಚಾಗಿ ಆ ಹಗ್ಗದಲ್ಲೇ. 'ಲೆಓ' ಎನ್ನುತ್ತಾರೆ ಅದಕ್ಕೆ. ಹತ್ತಿ, ತಾಳೆಗರಿ, ಮರದ ನಾರು ಸೇರಿಸಿ ಹೊಸೆದದ್ದು. ಸುರುಳಿ ಸುತ್ತಿಟ್ಟದ್ದರಲ್ಲಿ ಒಂದು ಸುತ್ತು ಸಿಕ್ಕಾದರೆ ಅಣಿಯ ನೀರೊಳಗೆ ಹೋಗುತ್ತದೆ. ಯಾರದಾದರೂ ಕಾಲು ಸುರುಳಿಯೊಳಗಿದ್ದರೆ ಆ ಮನುಷ್ಯ ಹೋದ. ಎಲ್ಲ ಸರಿಯಿದ್ದರೂ ತಿಮಿಂಗಿಲ ದೋಣಿಯನ್ನು ಎಳೆದುಕೊಂಡು ಹೋಗಬಹುದು. 1994ರಲ್ಲಿ ಹಾಗೆ ಕೆಲವು ದೋಣಿಗಳು ದಡ ಕಾಣದಷ್ಟು ದೂರ ಹೋಗಿ, ದೋಣಿ ಕಳೆದುಕೊಂಡ ಜನ ದಿನಗಟ್ಟಲೆ ಕಡಲಲ್ಲಿ ತೇಲಿ, ಪ್ರವಾಸಿ ಹಡಗೊಂದರ ಕಣ್ಣಿಗೆ ಬಿದ್ದು ಬದುಕಿದರು. ಹಗ್ಗ ಕಡಿದುಬಿಡಬಾರದೇ ಎಂದು ನೀವು ಕೇಳಬಹುದು. ಕಡಿಯಬಹುದು. ಆದರೆ ಹಗ್ಗದ ಆಚೆ ತುದಿಯಲ್ಲಿ ಇಡೀ ಊರು ಮಾಂಸ ಕೊಟ್ಟು ಪಡೆಯುವ ತಿಂಗಳುಗಟ್ಟಲೆಯ ಜೋಳ ಇದೆ.

ಭರ್ಜಿ ಜಾರಿದರೆ, ಹಗ್ಗ ತುಂಡಾದರೆ ಅವರು ಮೊದಲು ಕೇಳುವ ಪ್ರಶ್ನೆ 'ಹಗ್ಗ ಹಳೆಯದಾಗಿತ್ತೇ' ಎಂದಲ್ಲ, 'ಮನೆಯಲ್ಲಿ ಯಾರ ಜೊತೆ ಜಗಳ' ಎಂದು. ಬಗೆಹರಿಯದ ಪಾಲಿನ ತಕರಾರು, ಅಣ್ಣತಮ್ಮಂದಿರ ಮುನಿಸು, ಗಂಡಹೆಂಡಿರ ಮಾತು ಬಿಟ್ಟದ್ದು, ಇವೇ ಬೇಟೆ ಕೆಡಿಸುತ್ತವೆ ಎಂಬ ನಂಬಿಕೆ. ಮೂಢನಂಬಿಕೆ ಎಂದು ಪಕ್ಕಕ್ಕೆ ಸರಿಸುವ ಮೊದಲು ಒಂದು ಮಾತು: ಹದಿನಾಲ್ಕು ಜನ ಒಂದೇ ಕ್ಷಣಕ್ಕೆ ಒಂದೇ ಕಡೆ ಹುಟ್ಟು ಹಾಕಬೇಕಾದ ಕೆಲಸದಲ್ಲಿ, ಮೂರನೆಯವನಿಗೂ ಏಳನೆಯವನಿಗೂ ಮಾತಿಲ್ಲ ಎಂದರೆ ಅದು ನಿಜಕ್ಕೂ ಅಪಾಯವೇ. ರಾಜಿಪಂಚಾಯಿತಿಗೆ ಒಂದು ಗಡುವು ಬೇಕಿತ್ತು. ಬೇಟೆ ಆ ಗಡುವು ಹಾಕಿಕೊಡುತ್ತದೆ.

ಋತು 'ಲೆಫಾ'. ಮೇ 1ಕ್ಕೆ ಕಡಲತಡಿಯ ಚಿಕ್ಕ ಚರ್ಚಿನಲ್ಲಿ ಪೂಜೆ ಮುಗಿಸಿ ಶುರುವಾಗುತ್ತದೆ, ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ. 1886ರಲ್ಲಿ ಮೊದಲ ದೀಕ್ಷಾಸ್ನಾನ ಆದ ಊರು, ಈಗ ಕ್ಯಾಥೊಲಿಕರು; ಭಾನುವಾರ ಬೇಟೆ ಇಲ್ಲ. ಲೆಫಾ ದಿನಗಳಲ್ಲಿ ಬೆಳಗಿನ ಜಾವ ಹೊರಟು ಮಧ್ಯಾಹ್ನದ ಗಾಳಿಗೆ ಹಾಯಿ ಬಿಚ್ಚಿ ಮರಳುತ್ತಾರೆ. ಋತುವಿನ ಹೊರಗೂ ದಡದಿಂದ ತಿಮಿಂಗಿಲದ ಉಸಿರು ಕಂಡರೆ 'ಬಲೆಓ!' ಎಂದು ಕೂಗು ಬೀಳುತ್ತದೆ. ಒಬ್ಬ ಕೂಗಿದ್ದನ್ನು ಇನ್ನೊಬ್ಬ ಎತ್ತಿಕೊಳ್ಳುತ್ತ ಅದು ಊರಿನ ಮೇಲಿನ ಕೇರಿಗೆ ಮುಟ್ಟುವುದರೊಳಗೆ ದೋಣಿಗಳು ಮರಳಿನಲ್ಲಿ ಸರಿಯುತ್ತಿರುತ್ತವೆ. ಹಿಡಿಯುವುದು ಸ್ಪರ್ಮ್ ತಿಮಿಂಗಿಲವನ್ನು. ನಮ್ಮ ಪತ್ರಿಕೆಗಳಲ್ಲಿ ಆಗಾಗ 'ತಿಮಿಂಗಿಲ ವಾಂತಿ ಮಾರುತ್ತಿದ್ದವರ ಸೆರೆ' ಎಂದು ಬರುತ್ತದಲ್ಲ, ಆ ಅಂಬರ್‌ಗ್ರೀಸ್ ಕೊಡುವ ಜಾತಿಯೇ ಇದು. ಹಲ್ಲಿಲ್ಲದ ನೀಲಿ ತಿಮಿಂಗಿಲದಂಥವನ್ನು 'ಕೆಲಾರು' ಎನ್ನುತ್ತಾರೆ. ಪೂರ್ವಿಕರನ್ನು ಅದು ಕಾಪಾಡಿತ್ತಂತೆ, ಅದಕ್ಕೆ ಭರ್ಜಿ ತಾಗಿಸುವುದಿಲ್ಲ. ಕೆಲವು ವರ್ಷ ಹತ್ತೂ ಸಿಗುವುದಿಲ್ಲ. ತಿಂಗಳುಗಟ್ಟಲೆ ಒಂದೂ ಸಿಗದ ಕಾಲವೂ ಉಂಟು.

ಸಿಕ್ಕಿದ ದಿನ ಸಂಜೆ ಎಳೆದು ತಂದು ಏರುನೀರಿನಲ್ಲಿ ದಡಕ್ಕೆ ಹತ್ತಿಸಿ ಬಿಡುತ್ತಾರೆ. ನೀರು ಇಳಿದ ಮೇಲೆ, ಹೆಚ್ಚಾಗಿ ಮರುದಿನ ಬೆಳಗ್ಗೆ, ಕೊಯ್ತ. ಉದ್ದ ಹಿಡಿಯ ಕತ್ತಿಗೆ 'ದುರಿ' ಎಂದು ಹೆಸರು. ಮೊದಲು ಕೊಯ್ಯುವುದಿಲ್ಲ, ಗೆರೆ ಎಳೆಯುತ್ತಾರೆ: ಇಲ್ಲಿಂದ ಇಲ್ಲಿಗೆ ನೆಲದ ಒಡೆಯರದು, ಇದು ಪಾಲುದಾರ ಮನೆಗಳದು, ಇದು ಕಮ್ಮಾರನದು, ಇದು ಏರಿದವರದು. ತೂಕದ ಕಲ್ಲಿಲ್ಲ, ತಕ್ಕಡಿಯಿಲ್ಲ. ಅಳತೆ ಮೈಯ ಭಾಗದಲ್ಲೇ ಇದೆ. ಹಲವು ದೋಣಿಗಳ ಭರ್ಜಿ ಒಂದೇ ತಿಮಿಂಗಿಲದಲ್ಲಿ ನೆಟ್ಟಿದ್ದರೆ ಆ ದೋಣಿಗಳ ನಡುವೆ ಹಂಚಿಕೆ ಆಗಿ, ಆಮೇಲೆ ಒಳ ಹಂಚಿಕೆ. ಜಗಳ ಹುಟ್ಟುವ ಜಾಗ ಇದೇ, ತಡವಾಗಿ ಬಂದು ಕೊನೆಯ ಭರ್ಜಿ ಹಾಕಿದವರಿಗೆ ಎಷ್ಟು ಎಂಬಲ್ಲಿ.

ಇದನ್ನು ಸಮಪಾಲು ಎಂದು ತಿಳಿಯಬೇಡಿ. ಊರ ಹೊರಗಿನವರು ಬರೆದದ್ದರಲ್ಲಿ 'ಎಲ್ಲರೂ ಸಮನಾಗಿ ಹಂಚಿಕೊಳ್ಳುವ ಮುಗ್ಧ ಸಮಾಜ' ಎಂಬ ಧಾಟಿ ಕಾಣುತ್ತದೆ, ಅದು ತಪ್ಪು. ಒಬ್ಬನಿಗೆ ಮೂರು ಕಡೆಯಿಂದ ಪಾಲು ಬರಬಹುದು: ಪಾಲುದಾರನಾಗಿ, ಹತ್ತಿದವನಾಗಿ, ಬಡಗಿಯಾಗಿ. ಇನ್ನೊಬ್ಬನಿಗೆ ಒಂದೂ ಇಲ್ಲದಿರಬಹುದು. ಸಮಾನತೆ ಅಲ್ಲಿಲ್ಲ, ಖಚಿತತೆ ಇದೆ. ಮರಳಿನ ಮೇಲಿನ ಮೊದಲ ಹಂಚಿಕೆ ಮುಗಿದ ಮೇಲೆ, ಪಾಲು ಪಡೆದವರು ತಮ್ಮ ಒಳಗಿನ ಬಾಧ್ಯತೆಗಳಿಗೆ ಎರಡನೆಯ ಸುತ್ತು ಹಂಚುತ್ತಾರೆ. ಮೂರನೆಯ ಸುತ್ತು ಮನೆಯಿಂದ ಮನೆಗೆ: ತಟ್ಟೆಯಲ್ಲಿ ಮುಚ್ಚಿಕೊಂಡು ಹೆಂಗಸರು, ಮಕ್ಕಳು ವಿಧವೆಯರ ಮನೆಗೆ, ನೆಂಟರ ಮನೆಗೆ, ಕಾಯಿಲೆಯವರ ಮನೆಗೆ ಒಯ್ಯುತ್ತಾರೆ. ಹಕ್ಕು ಮೊದಲ ಸುತ್ತಿನಲ್ಲಿ, ದಾಕ್ಷಿಣ್ಯ ಮೂರನೆಯದರಲ್ಲಿ. ಎರಡನ್ನೂ ಅವರು ಬೆರೆಸುವುದಿಲ್ಲ.

ಇಲ್ಲಿಂದ ಮುಂದೆ ಕೆಲಸ ಹೆಂಗಸರದು. ಮಾಂಸವನ್ನು ಪಟ್ಟಿಪಟ್ಟಿಯಾಗಿ ಸೀಳಿ ಮನೆಯ ಮುಂದಿನ ಬಿದಿರ ಗಳಗಳ ಮೇಲೆ ನೇತುಹಾಕುತ್ತಾರೆ. ಕೊಬ್ಬಿನ ಪಟ್ಟಿಯಿಂದ ಎಣ್ಣೆ ತೊಟ್ಟಿಕ್ಕುತ್ತದೆ. ಕೆಳಗೆ ಸೀಳು ಬಿದಿರು ಇಟ್ಟು ಡಬ್ಬಕ್ಕೆ ಇಳಿಸಿಕೊಳ್ಳುತ್ತಾರೆ, ದೀಪಕ್ಕೂ ಅಡುಗೆಗೂ ಆಗುತ್ತದೆ. ಬಿಸಿಲು ಚೆನ್ನಾಗಿದ್ದರೆ ಕೆಲವು ದಿನಗಳಲ್ಲಿ ಕಪ್ಪಗೆ ಒಣಗುತ್ತದೆ. ಮೋಡ ಕವಿದರೆ ಹುಳ ಬೀಳುತ್ತದೆ. ಆ ವಾಸನೆ ಬಟ್ಟೆಗೆ ಹತ್ತಿದರೆ ಊರು ಬಿಟ್ಟ ಮೇಲೂ ಒಂದು ವಾರ ಜೊತೆಗಿರುತ್ತದೆ.

ಒಣಗಿದ ಪಟ್ಟಿಯೇ ಆ ಸೀಮೆಯ ನಾಣ್ಯ. ಬೆಟ್ಟದ ಊರಿನವರಿಗೆ ಹೊಲ ಇದೆ, ಮೀನಿಲ್ಲ. ಇವರಿಗೆ ಮೀನಿದೆ, ಹೊಲ ಇಲ್ಲ. ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಕತ್ತಲಿರುವಾಗಲೇ ಬೆಟ್ಟ ಹತ್ತುತ್ತಾರೆ. ಹೀಗೆ ಊರೂರಿಗೆ ಹೋಗಿ ಬದಲಿಸಿಕೊಳ್ಳುವುದಕ್ಕೆ 'ಪೆನೆತಾಂಗ್' ಎನ್ನುತ್ತಾರೆ. ಎಣಿಕೆಯ ಮಾನ 'ಮುಂಗಾ', ಅಂದರೆ ಆರು. ವಾಡಿಕೆಯ ದರದಲ್ಲಿ ಒಂದು ಪಟ್ಟಿಗೆ ಎರಡು ಮುಂಗಾ, ಅಂದರೆ ಹನ್ನೆರಡು ಮೆಕ್ಕೆಜೋಳದ ತೆನೆ, ಇಲ್ಲವೇ ಹನ್ನೆರಡು ಬಾಳೆಹಣ್ಣು. ಸಮುದ್ರದ ಉಪ್ಪನ್ನೂ ಹವಳ ಸುಟ್ಟ ಸುಣ್ಣವನ್ನೂ ಇವರೇ ಮಾಡಿ ಒಯ್ಯುತ್ತಾರೆ. ಎಲೆಯಡಿಕೆ ಅಗಿಯುವ ಸೀಮೆ ಅದು, ಸುಣ್ಣಕ್ಕೆ ಗಿರಾಕಿ ತಪ್ಪುವುದಿಲ್ಲ.

ಶನಿವಾರ ವುಲಂದೋನಿಯಲ್ಲಿ ಸಂತೆ. ಬೆಟ್ಟದವರೂ ಕಡಲಿನವರೂ ಎದುರುಬದುರು ಕೂತಿರುತ್ತಾರೆ, ಆದರೆ ಯಾರೂ ಏನೂ ಬದಲಿಸಿಕೊಳ್ಳುವುದಿಲ್ಲ. ಮೊದಲು ಸಂತೆಯ ಮೇಸ್ತ್ರಿ ಸುಂಕ ಎತ್ತುತ್ತಾನೆ, ಅದನ್ನೂ ವಸ್ತುವಿನ ರೂಪದಲ್ಲೇ. ಆಮೇಲೆ ಸೀಟಿ ಊದುತ್ತಾನೆ. ಸೀಟಿ ಬಿದ್ದದ್ದೇ ತಡ, ಎಲ್ಲರೂ ಎದ್ದು ನುಗ್ಗುತ್ತಾರೆ. ಚೌಕಾಸಿ ಇಲ್ಲ, ಯಾಕೆಂದರೆ ಎಣಿಕೆ ಮೊದಲೇ ಗೊತ್ತು. ಚೌಕಾಸಿ ನಡೆಯುವುದು ಕಣ್ಣಿನಲ್ಲಿ: ಪಟ್ಟಿ ತೆಳ್ಳಗಿದ್ದರೆ ಅವಳು ಬೇರೆಯವಳ ಬಳಿಗೆ ಹೋಗುತ್ತಾಳೆ, ತೆನೆ ಚಿಕ್ಕದಿದ್ದರೆ ಇವಳು. ಪೇಟೆಯಲ್ಲಿ ಜೋಳದ ಬೆಲೆ ಏರಲಿ ಇಳಿಯಲಿ, ಹನ್ನೆರಡು ಹನ್ನೆರಡೇ. ಸಂತೆಯಲ್ಲಿ ಈಗ ಪ್ಲಾಸ್ಟಿಕ್ ಸಾಮಾನು, ಬಟ್ಟೆಯ ಅಂಗಡಿಗಳೂ ಇವೆ, ಅಲ್ಲಿ ರೂಪಿಯಾ ನಡೆಯುತ್ತದೆ. ಎರಡು ಸಂತೆಗಳು ಒಂದೇ ಬಯಲಿನಲ್ಲಿ.

ತಂದ ಜೋಳ ಏನಾಗುತ್ತದೆ? ಅದರ ಒಂದು ಪಾಲು 'ಜಾಗುಂಗ್ ತಿತಿ' ಆಗುತ್ತದೆ. ಮಣ್ಣಿನ ಮಡಕೆಯಲ್ಲಿ ಹಿಡಿ ಕಾಳು ಹುರಿಯುತ್ತ, ಬಿಸಿ ಇರುವಾಗಲೇ ನಾಲ್ಕೈದು ಕಾಳನ್ನು ಬರಿಗೈಯಲ್ಲಿ ತೆಗೆದು ಚಪ್ಪಟೆ ಕಲ್ಲಿನ ಮೇಲೆ ಹಾಕಿ ಇನ್ನೊಂದು ಕಲ್ಲಿನಿಂದ ಒಂದೇ ಏಟು. ಕಾಳು ಆರಿದರೆ ಪುಡಿಯಾಗುತ್ತದೆ, ಏಟು ಜೋರಾದರೆ ಒಡೆಯುತ್ತದೆ. ಎಡಗೈ ತೆಗೆಯುತ್ತ, ಬಲಗೈ ಬಡಿಯುತ್ತ, ನಿಲ್ಲದ ತಾಳ. ಅವಲಕ್ಕಿಯೇ, ಜೋಳದ್ದು. ವಾರಗಟ್ಟಲೆ ಕೆಡುವುದಿಲ್ಲ. ದೂರದ ಕುಪಾಂಗಿಗೆ ಓದಲು ಹೋಗುವ ಮಕ್ಕಳ ಚೀಲದಲ್ಲೂ, ಮಲೇಷ್ಯಾದ ಸಾಬಾಕ್ಕೆ ಕೂಲಿಗೆ ಹೋಗುವವರ ಚೀಲದಲ್ಲೂ ಇದರ ಡಬ್ಬ ಇರುತ್ತದೆ. ಹಾಗೆ ಹೋದವರು ಕಳಿಸಿದ ಹಣದಿಂದಲೇ ಈಗ ಸಿಮೆಂಟಿನ ಗೋಡೆ, ತಗಡಿನ ಮಾಡು ಎದ್ದಿರುವುದು.

ಸ್ವತ್ತಿನ ಇನ್ನೊಂದು ಮುಖ ಮದುವೆ. ಹೆಣ್ಣು ತರುವ ಮನೆತನ ಹೆಣ್ಣು ಕೊಡುವ ಮನೆತನಕ್ಕೆ ಆನೆಯ ದಂತ ಕೊಡಬೇಕು. ಲೆಂಬಾಟಾದಲ್ಲಿ ಆನೆ ಇಲ್ಲ. ದಂತಗಳೆಲ್ಲ ಶತಮಾನಗಳ ಹಿಂದಿನ ವ್ಯಾಪಾರದಲ್ಲಿ ಬಂದವು. ಹೊಸದು ಬರುವುದಿಲ್ಲ, ಇರುವವೇ ಮನೆಯಿಂದ ಮನೆಗೆ ಸುತ್ತುತ್ತವೆ. ಬೆಲೆ ಕಟ್ಟುವುದು ಉದ್ದದಿಂದ: ಬೆರಳ ತುದಿಯಿಂದ ಮೊಳಕೈವರೆಗೆ, ಭುಜದವರೆಗೆ, ಎದೆಯವರೆಗೆ ಎಂದು ತೋಳಿನಲ್ಲೇ ಅಳೆಯುತ್ತಾರೆ. ದಂತಕ್ಕೆ ಪ್ರತಿಯಾಗಿ ಹೆಣ್ಣಿನ ಕಡೆಯವರು ಕೈಯಲ್ಲಿ ನೂತ ಹತ್ತಿಯ, ಗಿಡದ ಬಣ್ಣದ ಇಕತ್ ಸೀರೆಪಟ್ಟಿ ಕೊಡುತ್ತಾರೆ. ಅದರ ವಿನ್ಯಾಸಗಳನ್ನು ಗಮನವಿಟ್ಟು ನೋಡಿದರೆ ಗುಜರಾತಿನ ಪಟೋಲಾ ಕಾಣಿಸುತ್ತದೆ. ಮಸಾಲೆಯ ವ್ಯಾಪಾರ ನಡೆಯುತ್ತಿದ್ದ ಕಾಲದಲ್ಲಿ ಹಡಗುಗಳಲ್ಲಿ ಬಂದ ಪಟೋಲಾ ತುಂಡುಗಳು ಮನೆತನದ ಹಿರಿಮನೆಯಲ್ಲಿ ಪೆಟ್ಟಿಗೆಯೊಳಗೆ ಇರುತ್ತವೆ. ಮಾರುವಂಥದ್ದಲ್ಲ, ತೊಡುವಂಥದ್ದೂ ಅಲ್ಲ.

ಇನ್ನು ಜಮೀನು. ಲಾಮಲೆರಾ ಸೇರಿದ ಲಾಮಾಹೊಲೊತ್ ಭಾಷಿಕರ ಸೀಮೆಯಲ್ಲಿ ನೆಲದ ಒಡೆತನ ಬೇರೆ, ಉಳುವ ಹಕ್ಕು ಬೇರೆ, ಮರದ ಒಡೆತನ ಬೇರೆ. ಬೇರೆಯವರ ನೆಲದಲ್ಲಿ ಒಂದು ಬೆಳೆ ಜೋಳ ಬೆಳೆದುಕೊಳ್ಳಲು ಅನುಮತಿ ಸಿಗುವುದು ಕಷ್ಟವಲ್ಲ. ತೆಂಗೋ ಗೋಡಂಬಿಯೋ ನೆಡುತ್ತೇನೆ ಎಂದರೆ ಮುಖ ಬಿಗಿಯುತ್ತದೆ. ಮರ ನೆಟ್ಟವನದು ಮರ. ಮರ ನಲವತ್ತು ವರ್ಷ ನಿಂತರೆ ನೆಟ್ಟವನ ಮಕ್ಕಳೂ ಅಲ್ಲೇ ನಿಲ್ಲುತ್ತಾರೆ. ಆಮೇಲೆ ಒಡೆಯ ಯಾರೆಂದು ಯಾರಿಗೆ ಗೊತ್ತು.

ಸರ್ಕಾರದ ಹುಕುಂ ಇದರ ಮೇಲೆ ಬಂದು ಕೂತಿದೆ. 1960ರ ಭೂ ಕಾನೂನು ರೂಢಿಯ ಹಕ್ಕನ್ನು ಒಪ್ಪುತ್ತದೆ, ಆದರೆ ಹಕ್ಕುಪತ್ರ ಕೊಡುವುದು ಹೆಸರಿನ ಮೇಲೆ. ಮನೆತನದ ನೆಲವನ್ನು ಯಾರ ಹೆಸರಿಗೆ ಬರೆಸುವುದು? ಹಿರಿಯಣ್ಣನ ಹೆಸರಿಗೆ ಆದರೆ ನಾಳೆ ಅವನ ಮಗ ಅದನ್ನು ಬ್ಯಾಂಕಿಗೆ ಅಡವಿಡಬಹುದು. ಬರೆಸದೇ ಬಿಟ್ಟರೆ ರಸ್ತೆಗೋ ಹೋಟೆಲಿಗೋ ನೆಲ ಹೋಗುವಾಗ ಪರಿಹಾರಕ್ಕೆ ಕಾಗದ ಇರುವುದಿಲ್ಲ. ಖಾತೆ, ಪಹಣಿ, ಪೋಡಿ ಎಂದು ಒದ್ದಾಡಿದ ನಿಮಗೆ ಇದು ಹೊಸತಲ್ಲ.

ಸಮುದ್ರ ಎದುರಿಗಿರುವ ಹತ್ತು ಗುಂಟೆ ಅಲ್ಲಿ ಅಗ್ಗಕ್ಕೆ ಸಿಗುತ್ತದೆಯೇ ಎಂಬ ಪ್ರಶ್ನೆ ಇಂಥ ಮಾತಿನ ನಂತರ ಬಂದೇ ಬರುತ್ತದೆ, ಅದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ. ಪೂರ್ಣ ಒಡೆತನಕ್ಕೆ 'ಹಾಕ್ ಮಿಲಿಕ್' ಎನ್ನುತ್ತಾರೆ, ಅದು ಇಂಡೊನೇಷ್ಯಾದ ಪ್ರಜೆಗಳಿಗೆ ಮಾತ್ರ. ವಿದೇಶಿಯರಿಗೆ ಸಿಗಬಹುದಾದದ್ದು 'ಹಾಕ್ ಪಾಕಾಯ್', ಬಳಕೆಯ ಹಕ್ಕು, ಮೊದಲು 30 ವರ್ಷ, ಮುಂದುವರಿಕೆ 20, ನವೀಕರಣ 30. ಸ್ಥಳೀಯನೊಬ್ಬನ ಹೆಸರಿನಲ್ಲಿ ಕೊಂಡು ಒಳಗೊಳಗೆ ಕರಾರು ಬರೆಸಿಕೊಳ್ಳುವ ಉಪಾಯ ಬಾಲಿಯಲ್ಲಿ ಬಹಳ ಜನ ಮಾಡಿ ಸುಟ್ಟುಕೊಂಡಿದ್ದಾರೆ. ಅದೇ 1960ರ ಕಾನೂನಿನ 26ನೇ ವಿಧಿಯ ಪ್ರಕಾರ ವಿದೇಶಿಗೆ ಪರೋಕ್ಷವಾಗಿ ವರ್ಗಾಯಿಸಿದರೂ ವ್ಯವಹಾರ ಅಸಿಂಧು, ನೆಲ ಸರ್ಕಾರಕ್ಕೆ, ಕೊಟ್ಟ ಹಣ ವಾಪಸಿಲ್ಲ. ಅದರ ಮೇಲೆ, ಉಬ್ಬರದ ಗೆರೆಯಿಂದ ಕನಿಷ್ಠ 100 ಮೀಟರ್ ಕಡಲತಡಿ ಸಂರಕ್ಷಿತ ಪಟ್ಟಿ. ಇವೆಲ್ಲ ಸರಿಹೋದರೂ ಲಾಮಲೆರಾದಂಥ ಊರಿನಲ್ಲಿ ಸಹಿ ಹಾಕಿದವನ ಹಿಂದೆ ಇಡೀ ಮನೆತನ ಇರುತ್ತದೆ, ಅದರ ಹಿಂದೆ ನೆಲದ ಒಡೆಯರು. ತಿಮಿಂಗಿಲದ ತಲೆ ಎಲ್ಲಿಂದ ತಂದುಕೊಡುತ್ತೀರಿ?

ಕಾನೂನು ಕಡಲಿಗೂ ಇಳಿದಿದೆ. ತಿಮಿಂಗಿಲಗಳು ಇಂಡೊನೇಷ್ಯಾದಲ್ಲಿ ರಕ್ಷಿತ ಪ್ರಾಣಿಗಳು. ಹೊಟ್ಟೆಪಾಡಿನ ಸಾಂಪ್ರದಾಯಿಕ ಬೇಟೆ ಎಂದು ಲಾಮಲೆರಾವನ್ನು ತಡೆದಿಲ್ಲ. 2014ರಲ್ಲಿ ಮಂಟಾ ತೊರಕೆ ಮೀನುಗಳಿಗೂ ಪೂರ್ಣ ರಕ್ಷಣೆ ಬಂತು. ತಿಮಿಂಗಿಲ ಇಲ್ಲದ ತಿಂಗಳುಗಳಲ್ಲಿ ಸಂತೆಯ ಬುಟ್ಟಿ ತುಂಬುತ್ತಿದ್ದದ್ದು ಮುಖ್ಯವಾಗಿ ತೊರಕೆ ಜಾತಿಯವೇ. ಹೊರಗಿನವರ ಚರ್ಚೆಯೆಲ್ಲ ತಿಮಿಂಗಿಲದ ಸುತ್ತ. ಮನೆಯ ಒಲೆಗೆ ಹೆಚ್ಚು ತಾಗಿದ್ದು ಮಂಟಾ ಆದೇಶ ಎಂದು ನನ್ನ ಲೆಕ್ಕ.

ಕಾನೂನಿಗಿಂತ ಹೆಚ್ಚು ಬದಲಾವಣೆ ತಂದದ್ದು ಎಂಜಿನ್. ಹೊರಗೆ ಕಟ್ಟುವ ಮೋಟಾರಿನ ಸಣ್ಣ ದೋಣಿಗೆ ಅಲ್ಲಿ 'ಜೊನ್ಸೊನ್' ಎಂದೇ ಹೆಸರು, ಜಾನ್ಸನ್ ಕಂಪನಿಯ ಮೋಟಾರಿನಿಂದ ಬಂದದ್ದು. ಈಗ ತಿಮಿಂಗಿಲದವರೆಗೆ ತೆನಾವನ್ನು ಎಳೆದೊಯ್ಯುವುದು ಅದೇ. ರಾತ್ರಿ ಬಲೆ ಬಿಟ್ಟು ಮೀನು ಹಿಡಿಯುವುದೂ ಅದರಲ್ಲೇ. ನಾಲ್ಕಾರು ಜನ ಸಾಕು. ಇದರ ಪಾಲಿನ ಲೆಕ್ಕ ಬೇರೆ: ಪೆಟ್ರೋಲಿಗೆ ರೊಕ್ಕ ಬೇಕು, ಎಂಜಿನ್ ಯಾರದೋ ಒಬ್ಬನದು, ಬಲೆ ಇನ್ನೊಬ್ಬನದು. ಹಿರಿಯರ ಪಾಲು, ಕಮ್ಮಾರನ ಪಾಲು, ಹಾಯಿ ಹೆಣೆದವರ ಪಾಲು ಇಲ್ಲಿ ಎಲ್ಲಿ ಬರಬೇಕು? ದಡದಿಂದ ಎಳೆಯುವ ಕೈರಂಪಣಿ ಬಲೆ ಹೋಗಿ ಯಂತ್ರದೋಣಿಯ ಪರ್ಸೀನ್ ಬಲೆ ಬಂದಾಗ ನಮ್ಮ ಕರಾವಳಿಯಲ್ಲಿ ಎದ್ದ ಪ್ರಶ್ನೆಯೇ ಇದು.

ಕೊನೆಗೆ ಹೋಗುವ ದಾರಿ. ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಇದೆ. ಭಾರತೀಯರಿಗೆ ಇಳಿದ ಮೇಲೆ ವೀಸಾ, 5 ಲಕ್ಷ ರೂಪಿಯಾ, 30 ದಿನ, ಒಮ್ಮೆ ಮುಂದುವರಿಸಿಕೊಳ್ಳಬಹುದು. ಬಾಲಿಯಿಂದ ತಿಮೋರ್ ದ್ವೀಪದ ಕುಪಾಂಗ್, ಅಲ್ಲಿಂದ ಲೆವೊಲೆಬಾಕ್ಕೆ ಚಿಕ್ಕ ವಿಮಾನ. ಇಲ್ಲವೇ ಫ್ಲೋರೆಸ್‌ನ ಪೂರ್ವ ತುದಿಯ ಲಾರಾಂತುಕಾಕ್ಕೆ ಬಂದು ದೋಣಿ, ಸುಮಾರು ನಾಲ್ಕು ಗಂಟೆ. ಸರ್ಕಾರಿ ಪೆಲ್ನಿ ಕಂಪನಿಯ ದೊಡ್ಡ ಹಡಗುಗಳೂ ಈ ದ್ವೀಪಗಳಲ್ಲಿ ಓಡಾಡುತ್ತವೆ. ಅಗ್ಗ, ಆದರೆ ಅವುಗಳ ವೇಳಾಪಟ್ಟಿಗೆ ನೀವು ಹೊಂದಿಕೊಳ್ಳಬೇಕು. ಜನವರಿ, ಫೆಬ್ರುವರಿ ಬೇಡ. ಪಡುವಣ ಗಾಳಿಯ ಕಾಲ. ಅಲೆ ಎದ್ದರೆ ಬಂದರಿನ ಅಧಿಕಾರಿ ಹೊರಡಲು ಪರವಾನಗಿ ಕೊಡುವುದಿಲ್ಲ, ಮೂರು ದಿನವೋ ಆರು ದಿನವೋ ಕೂತಲ್ಲೇ ಕೂರಬೇಕು. ಮರಳುವ ವಿಮಾನದ ಟಿಕೆಟನ್ನು ದೋಣಿ ಹತ್ತುವ ದಿನದ ಮರುದಿನಕ್ಕೇ ಮಾಡಿಸಿಟ್ಟವರು ಅಲ್ಲಿ ಅಳುವುದನ್ನು ಬಂದರಿನವರು ಪ್ರತಿವರ್ಷ ನೋಡುತ್ತಾರೆ.

ಲೆವೊಲೆಬಾದಲ್ಲೇ ಎಟಿಎಂನಿಂದ ನಗದು ತೆಗೆದುಕೊಳ್ಳಿ, ಚಿಲ್ಲರೆ ನೋಟುಗಳಲ್ಲಿ. ಅಲ್ಲಿಂದ ಲಾಮಲೆರಾ ಐವತ್ತು ಕಿಲೋಮೀಟರಿಗಿಂತ ಕಡಿಮೆ, ಆದರೆ ಬೆಟ್ಟ ಸುತ್ತುವ ದಾರಿ ಮೂರು ನಾಲ್ಕು ಗಂಟೆ ತಿನ್ನುತ್ತದೆ, ಮಳೆ ಬಂದರೆ ಇನ್ನೂ ಹೆಚ್ಚು. ವಾಹನ 'ಓತೊ'. ನಮ್ಮ ಆಟೊ ಅಲ್ಲ. ಲಾರಿಯ ಹಿಂಭಾಗಕ್ಕೆ ಅಡ್ಡ ಹಲಗೆ ಹಾಕಿ, ಮೇಲೆ ಮಾಡು ಕಟ್ಟಿದ್ದು. ಜನ, ಅಕ್ಕಿ ಮೂಟೆ, ಸಿಮೆಂಟು, ಹಂದಿಮರಿ, ಎಲ್ಲಕ್ಕೂ ಅದೇ. ಮುಂದಿನ ಹಲಗೆ ಹಿಡಿಯಿರಿ, ಹಿಂದಿನ ಗಾಲಿಯ ಮೇಲಿನದು ಬೇಡ. ಈ ಲಾರಿಗಳ ಹೊತ್ತು ಪೇಟೆಯದಲ್ಲ, ಹಳ್ಳಿಯದು: ಬೆಳಗಿನ ಜಾವ ಹಳ್ಳಿ ಬಿಟ್ಟು ಪೇಟೆಗೆ ಬರುತ್ತವೆ, ಸಾಮಾನು ತುಂಬಿಕೊಂಡು ಮಧ್ಯಾಹ್ನ ಮರಳುತ್ತವೆ. ಆದ್ದರಿಂದ ಹೋಗುವಾಗ ಮಧ್ಯಾಹ್ನ ಸಿಗುತ್ತದೆ. ಬರುವಾಗ ಹಿಂದಿನ ಸಂಜೆಯೇ ಉಳಿದುಕೊಂಡ ಮನೆಯವರಿಗೆ ಹೇಳಿಡಿ. ಅವರು ಚಾಲಕನಿಗೆ ಹೇಳುತ್ತಾರೆ. ಕತ್ತಲಲ್ಲಿ ಲಾರಿ ಹಾರ್ನ್ ಹೊಡೆಯುತ್ತ ಮನೆಮನೆಯ ಮುಂದೆ ನಿಲ್ಲುತ್ತದೆ. ಚೀಲ ಕಟ್ಟಿಟ್ಟುಕೊಂಡೇ ಮಲಗಿ.